ಅಕ್ಕಿಗೆ ನಿರ್ಬಂಧವಿಲ್ಲ, ಹಣದ ದಾರಿಗೆ ಇದೆ

ಕಾರಟಗಿ, ಗಂಗಾವತಿ ಕಡೆಯಿಂದ ಹೊರದೇಶಕ್ಕೆ ಅಕ್ಕಿ ಕಳಿಸುವವರು ಮೊದಲು ಕೇಳುವುದು ‘ಆ ದೇಶಕ್ಕೆ ಕಳಿಸಬಹುದಾ?’ ಎಂದು. ಬಹುತೇಕ ಸಲ ಉತ್ತರ ‘ಕಳಿಸಬಹುದು’. ಅಮೆರಿಕ ಇರಾನ್ ಮೇಲೆ ಹೇರಿದ ನಿರ್ಬಂಧದಲ್ಲೂ ಆಹಾರಕ್ಕೆ, ಔಷಧಕ್ಕೆ ವಿನಾಯಿತಿ ಇದೆ. ಕೇಳಬೇಕಾದ್ದು ಬೇರೆ: ಹಣ ಯಾವ ಬ್ಯಾಂಕಿನಿಂದ, ಯಾವ ದಾರಿಯಲ್ಲಿ ಬರುತ್ತದೆ?

ವಿಶ್ವಸಂಸ್ಥೆಯ ಸನ್ನದಿನಲ್ಲಿ 41ನೇ ವಿಧಿ ಆರ್ಥಿಕ ನಿರ್ಬಂಧದ್ದು, 42ನೆಯದು ಸೈನ್ಯದ್ದು. ಸೈನ್ಯಕ್ಕಿಂತ ಮೊದಲು ವ್ಯಾಪಾರ ತಡೆಯಬೇಕೆನ್ನುವ ಕ್ರಮ ಅದರಲ್ಲೇ ಇದೆ. ಆದರೆ ನಿರ್ಬಂಧವನ್ನು ನಿಜವಾಗಿ ಜಾರಿ ಮಾಡುವುದು ಬ್ಯಾಂಕುಗಳ ಭಯ. 2014ರಲ್ಲಿ ಫ್ರಾನ್ಸಿನ ಬಿಎನ್‌ಪಿ ಪಾರಿಬಾ ಬ್ಯಾಂಕು ನಿರ್ಬಂಧ ಮುರಿದದ್ದಕ್ಕೆ ಅಮೆರಿಕಕ್ಕೆ ಸುಮಾರು 890 ಕೋಟಿ ಡಾಲರ್ ದಂಡ ಕಟ್ಟಿತು. ಅಂಥ ದಂಡ ಕಂಡ ಬ್ಯಾಂಕು ಹತ್ತಿಪ್ಪತ್ತು ಲಕ್ಷ ರೂಪಾಯಿಯ ಅಕ್ಕಿ ಬಿಲ್ಲಿಗಾಗಿ ರಿಸ್ಕ್ ಯಾಕೆ ತಗೊಳ್ಳುತ್ತದೆ? ವಿನಾಯಿತಿ ಇದ್ದರೂ ‘ನಮಗೆ ಬೇಡ’ ಎಂದುಬಿಡುತ್ತದೆ.

20 ಅಡಿ ಕಂಟೇನರಿಗೆ 25 ಕೆ.ಜಿ.ಯ ಸುಮಾರು 1,000 ಚೀಲ ಸೋನಾ ಮಸೂರಿ ಹಿಡಿಯುತ್ತದೆ. ಅದರ ಇನ್‌ವಾಯ್ಸ್, ಹಡಗು ಕಂಪನಿ ಕೊಡುವ ಸರಕಿನ ರಸೀದಿಯಾದ ಬಿಲ್ ಆಫ್ ಲೇಡಿಂಗ್‌ನಲ್ಲಿರುವ ಒಂದೊಂದು ಹೆಸರನ್ನೂ ಬ್ಯಾಂಕು ನಿರ್ಬಂಧ ಪಟ್ಟಿಗೆ ತಾಳೆ ಹಾಕುತ್ತದೆ: ಖರೀದಿದಾರ, ನೋಟಿಫೈ ಪಾರ್ಟಿ (ಸರಕು ಬಂದಾಗ ಸುದ್ದಿ ಮುಟ್ಟಿಸಬೇಕಾದವರು), ಹಡಗು, ಬಂದರು. ಹಡಗಿಗೆ ಹೊಸ ಹೆಸರು ಬಳಿದಿರಬಹುದು, ಹಡಗಿನ ಗುರುತಿನ ಏಳು ಅಂಕಿಯ ಐಎಂಒ ಸಂಖ್ಯೆ ಮಾತ್ರ ಬದಲಾಗದು. ನೋಡಬೇಕಾದ್ದು ಅದನ್ನೇ. ಕಂಪನಿಯ ಹೆಸರು ಪಟ್ಟಿಯಲ್ಲಿಲ್ಲ ಎಂದು ನಿಶ್ಚಿಂತೆ ಬೇಡ. ಪಟ್ಟಿಯಲ್ಲಿರುವವರ ಪಾಲು ಒಟ್ಟು ಸೇರಿ ಶೇ. 50 ಮುಟ್ಟಿದರೆ ಅಮೆರಿಕದ ನಿಯಮದಲ್ಲಿ ಆ ಕಂಪನಿಯೂ ಪಟ್ಟಿಗೆ ಸೇರಿದಂತೆಯೇ. ಹಾಗಾಗಿ ದುಬೈ ಖರೀದಿದಾರನಿಂದ ಟ್ರೇಡ್ ಲೈಸೆನ್ಸ್ ಜೊತೆ ಪಾಲುದಾರರ ಪಟ್ಟಿಯನ್ನೂ ತರಿಸಿಕೊಳ್ಳಿ, ಸರಕು ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತದೆಂದು ಬರಹದಲ್ಲೇ ಕೇಳಿ. ‘ಮೊಹಮ್ಮದ್’ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕಾರು ಥರ ಬರೆಯುತ್ತಾರೆ, ಬೇರೆ ಯಾರದೋ ಹೆಸರಿಗೆ ತಾಳೆಯಾಗಿ ಹಣ ನಿಲ್ಲುವುದು ಇಲ್ಲೇ. ಪಾಸ್‌ಪೋರ್ಟ್ ಪ್ರತಿಯನ್ನು ಖರೀದಿದಾರನಿಂದ ತರಿಸಿ ಬ್ಯಾಂಕಿಗೆ ಮೊದಲೇ ಕೊಟ್ಟಿದ್ದರೆ ಬೇಗ ಬಿಡುಗಡೆಯಾಗುತ್ತದೆ.

ಎಲ್‌ಸಿ (ಖರೀದಿದಾರನ ಪರವಾಗಿ ಬ್ಯಾಂಕು ಕೊಡುವ ಪಾವತಿ ಖಾತ್ರಿ) ಇದ್ದರೂ ಅದರೊಳಗಿನ ‘ಸ್ಯಾಂಕ್ಷನ್ ಕ್ಲಾಸ್’, ಅಂದರೆ ನಿರ್ಬಂಧದ ಷರತ್ತು ಓದಿ. ಇಂಥ ಖಾತ್ರಿಗಳ ಅಂತಾರಾಷ್ಟ್ರೀಯ ನಿಯಮಾವಳಿಯಾದ ಯುಸಿಪಿ 600 ಪ್ರಕಾರ ಕಾಗದ ಪರಿಶೀಲಿಸಲು ಬ್ಯಾಂಕಿಗೆ ಹೆಚ್ಚೆಂದರೆ ಐದು ಬ್ಯಾಂಕಿಂಗ್ ದಿನ. ಆದರೆ ‘ನಮ್ಮ ಆಂತರಿಕ ನೀತಿಗೆ ಒಗ್ಗದಿದ್ದರೆ ಪಾವತಿಸುವುದಿಲ್ಲ’ ಎಂಬ ಸಾಲು ಆ ಷರತ್ತಿನಲ್ಲಿದ್ದರೆ ಆ ಖಾತ್ರಿಗೆ ಅರ್ಥವಿಲ್ಲ. ಸರಕು ಲೋಡ್ ಮಾಡುವ ಮೊದಲೇ ಆ ಸಾಲು ತೆಗೆಸಿ.

ಡಾಲರ್ ದಾರಿ ಮುಚ್ಚಿದಾಗ 2012ರಲ್ಲಿ ಭಾರತ, ಇರಾನ್ ಬೇರೆ ದಾರಿ ಹುಡುಕಿದವು. ತೈಲದ ಬಿಲ್ಲಿನ ಶೇ. 45 ಭಾಗ ಯುಕೋ ಬ್ಯಾಂಕಿನ ಖಾತೆಗೆ ರೂಪಾಯಿಯಲ್ಲಿ ಜಮಾ, ಇಲ್ಲಿನ ರಫ್ತುದಾರರಿಗೆ ಅದೇ ಖಾತೆಯಿಂದ ಪಾವತಿ. ಮುಖ್ಯ ಫಲಾನುಭವಿಗಳು ಉತ್ತರದ ಬಾಸ್ಮತಿಯವರು. 2019ರ ಮೇನಲ್ಲಿ ಇರಾನ್ ತೈಲ ಕೊಳ್ಳಲು ಅಮೆರಿಕ ಕೊಟ್ಟಿದ್ದ ರಿಯಾಯಿತಿ ಮುಗಿದು ತೈಲ ಆಮದು ನಿಂತಿತು, ಆ ಖಾತೆಗೆ ರೂಪಾಯಿ ಬರುವುದೂ ನಿಂತಿತು. ಮೇಲೆ ತೂಬು ಮುಚ್ಚಿದರೆ ಕೊನೆಭಾಗದ ಹೊಲಕ್ಕೆ ನೀರೆಲ್ಲಿ? ತುಂಗಭದ್ರಾ ಕಾಲುವೆಯ ಕೊನೆಭಾಗದ ಮಾನ್ವಿ, ಸಿರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೇರುವಾಗಲೇ ತೆಗೆಯುವ ದಾರಿ ಬರೆದಿಡದಿದ್ದರೆ ನಿರ್ಬಂಧ ಯುದ್ಧಕ್ಕೆ ಬದಲಿಯಾಗದು. 1990ರಲ್ಲಿ ಇರಾಕ್ ಮೇಲೆ ಹೇರಿದ್ದು ಜನರ ಊಟ, ಔಷಧಕ್ಕೇ ತಟ್ಟಿತು. ‘ಆಹಾರಕ್ಕಾಗಿ ತೈಲ’ ಯೋಜನೆ ಜಾರಿಗೆ ಬಂದದ್ದು 1996ರ ಕೊನೆಗೆ, ಕಡೆಗೆ 2003ರಲ್ಲಿ ಯುದ್ಧವೂ ಆಯಿತು. 2015ರ ಇರಾನ್ ಅಣು ಒಪ್ಪಂದ ಈ ಲೆಕ್ಕದಲ್ಲಿ ಚೊಕ್ಕ: ಯುರೇನಿಯಂ ಪುಷ್ಟೀಕರಣ ಶೇ. 3.67ಕ್ಕೆ, ದಾಸ್ತಾನು 300 ಕೆ.ಜಿ.ಗೆ ಮಿತಿ, ತಪಾಸಣೆ ಆದ ಮೇಲೆ ನಿರ್ಬಂಧ ಸಡಿಲ. 2018ರ ಮೇನಲ್ಲಿ ಅಮೆರಿಕ ಹೊರನಡೆಯಿತು, 2021ರಲ್ಲಿ ಇರಾನ್ ಶೇ. 60ಕ್ಕೆ ಏರಿಸಿತು, 2025ರ ಜೂನ್‌ನಲ್ಲಿ ಬಾಂಬು ಬಿತ್ತು. ಕೊಟ್ಟ ರಿಯಾಯಿತಿ ನಿಲ್ಲುತ್ತದೆಂಬ ನಂಬಿಕೆ ಹೋದರೆ ರಾಯಭಾರಿ ಏನು ತಾನೇ ಮಾತಾಡಿಯಾನು?

ಅದೇ ಒಪ್ಪಂದದ ‘ಸ್ನ್ಯಾಪ್‌ಬ್ಯಾಕ್’ ಕಲಮನ್ನು ಬ್ರಿಟನ್, ಫ್ರಾನ್ಸ್, ಜರ್ಮನಿ 2025ರ ಆಗಸ್ಟ್ 28ರಂದು ಎಳೆದವು. 30 ದಿನಕ್ಕೆ ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳು ವಾಪಸ್. ಆರ್ಡರ್ ಒಪ್ಪಿ, ಭತ್ತ ಕೊಂಡು, ಮಿಲ್ ಮಾಡಿಸಿ, ಬಂದರಿಗೆ ಸಾಗಿಸುವಷ್ಟರಲ್ಲಿ ಕಳೆಯುವುದೂ ಹೆಚ್ಚುಕಡಿಮೆ ಅಷ್ಟೇ ದಿನ. ಆದ್ದರಿಂದ ನಿರ್ಬಂಧ ಪಟ್ಟಿಯನ್ನು ಎರಡು ಸಲ ನೋಡಿ: ಆರ್ಡರ್ ಒಪ್ಪುವ ದಿನ ಒಮ್ಮೆ, ಕಂಟೇನರಿಗೆ ಸೀಲ್ ಹಾಕುವ ದಿನ ಮತ್ತೊಮ್ಮೆ.