ಹೊಸ ಕ್ಯಾಮ್‌ಗೆ ಮೊದಲ 20 ನಿಮಿಷ ಸ್ಲೋ ಬೇಡ

ಅಂಬಾಸಿಡರ್ ಇಂಜಿನ್ ಪೂರ್ತಿ ಬಿಚ್ಚಿ, ಕಟ್ಟಿ, ಗಾಡಿಗೆ ಇಳಿಸಿದ ದಿನ ಮಾಲೀಕರು ಹೂವು, ನಿಂಬೆಹಣ್ಣು ಹಿಡಿದು ಬರುತ್ತಾರೆ. ಪೂಜೆ ಮುಗಿದ ಕೂಡಲೇ ಹೇಳುತ್ತಾರೆ: “ಹೊಸ ಇಂಜಿನ್ ಅಣ್ಣ, ರೇಸ್ ಕೊಡಬೇಡಿ. ಸ್ವಲ್ಪ ಹೊತ್ತು ಸ್ಲೋದಲ್ಲೇ ಓಡಲಿ.” ಗಾಡಿ ಮೇಲಿನ ಪ್ರೀತಿಯಿಂದ ಬರುವ ಮಾತು. ಆದರೆ ಹೊಸ ಕ್ಯಾಮ್ ಶಾಫ್ಟ್ (ವಾಲ್ವ್‌ಗಳನ್ನು ತೆರೆಯಿಸುವ ದಂಡ) ಹಾಕಿದ್ದರೆ ಆ ಸ್ಲೋನೇ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ನಿಧಾನಕ್ಕೆ ತಿರುಗುವುದೇ, ಅದನ್ನು ತಿಂದುಬಿಡುತ್ತದೆ.

ಹಳೆಯ 1489 ಸಿಸಿ ಪೆಟ್ರೋಲ್ ಇಂಜಿನ್‌ನಲ್ಲಿ ಕ್ಯಾಮ್ ಇರುವುದು ಬ್ಲಾಕ್ ಒಳಗೆ, ಕೆಳಗಡೆ. ಅದರ ಲೋಬ್ (ಮೊಟ್ಟೆಯಾಕಾರದ ಉಬ್ಬು) ಮೇಲೆ, ಪುಶ್ ರಾಡ್ ಎಂಬ ಕಡ್ಡಿಯನ್ನು ಮೇಲೆತ್ತಿ ವಾಲ್ವ್ ತೆರೆಯಿಸುವ ಟ್ಯಾಪೆಟ್ ಕೂತಿರುತ್ತದೆ. ಎರಡರ ನಡುವೆ ರೋಲರ್ ಇಲ್ಲ, ಲೋಹಕ್ಕೆ ಲೋಹ ಉಜ್ಜುತ್ತದೆ. ಎರಡು ಹೊಸ ಟ್ಯಾಪೆಟ್‌ಗಳ ತಳಕ್ಕೆ ತಳ ಹಿಡಿದು ಅಲ್ಲಾಡಿಸಿ ನೋಡಿ, ಸಣ್ಣಗೆ ತೂಗುತ್ತವೆ. ಚಪ್ಪಟೆ ಅನ್ನಿಸಿದರೂ ತಳ ಕೂದಲೆಳೆಯಷ್ಟು ಉಬ್ಬಿರುತ್ತದೆ. ಲೋಬ್ ಕೂಡ ಒಂದು ಪಕ್ಕಕ್ಕೆ ಚೂರು ಇಳಿಜಾರು. ಇದರಿಂದಲೇ ಟ್ಯಾಪೆಟ್ ನಿಂತಲ್ಲೇ ಗಿರಗಿರ ತಿರುಗುತ್ತದೆ. ತಿರುಗಿದರೆ ಸವೆತ ಎಲ್ಲ ಕಡೆ ಹಂಚಿಹೋಗುತ್ತದೆ. ತಿರುಗದಿದ್ದರೆ ಒಂದೇ ಜಾಗ ಉಜ್ಜಿ ಕೆಲಸ ಕೆಟ್ಟಿತು.

ಲೋಬ್‌ಗೆ ಆಯಿಲ್ ಬರುವುದು ಹೆಚ್ಚಾಗಿ ಕ್ರ್ಯಾಂಕ್ ತಿರುಗುವಾಗ ಎರಚುವುದರಿಂದ. ಸ್ಲೋದಲ್ಲಿ ಆ ಎರಚಾಟ ಸಾಲದು. ಜೊತೆಗೆ ವಾಲ್ವ್ ಸ್ಪ್ರಿಂಗ್‌ನ ಪೂರ್ತಿ ಭಾರ ಲೋಬ್ ತುದಿಯ ಮೇಲೆ ಬೀಳುತ್ತದೆ. ಸ್ಪೀಡ್ ಏರಿದಾಗ ಮೇಲಕ್ಕೆ ಚಿಮ್ಮುವ ಟ್ಯಾಪೆಟ್‌ನ ಓಟವೇ ಆ ಭಾರವನ್ನು ಸ್ವಲ್ಪ ಹಗುರ ಮಾಡುತ್ತದೆ.

ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಪದ್ಮಿನಿ ಕಾರು ಹೀಗೇ ಹಾಳಾಯಿತು. ಕಾರ್ಬುರೇಟರ್‌ಗೆ ಪೆಟ್ರೋಲ್ ಬಂದಿರಲಿಲ್ಲ. ಬ್ಯಾಟರಿ ಇಳಿಯುವ ತನಕ ಸೆಲ್ಫ್ ಹೊಡೆದೆವು. ಲೋಬ್‌ಗೆ ಹಚ್ಚಿದ್ದ ಪೇಸ್ಟ್ ಎಲ್ಲ ಒರೆಸಿಹೋಯಿತು. ಕೊನೆಗೆ ಸ್ಟಾರ್ಟ್ ಆದಾಗ ಸ್ಲೋದಲ್ಲೇ ಬಿಟ್ಟು ಟೈಮಿಂಗ್ (ಸ್ಪಾರ್ಕ್ ಬೀಳುವ ಹೊತ್ತು) ನೋಡುತ್ತಾ ಕೂತೆವು. ಎರಡು ವಾರಕ್ಕೆ ಟಕ್ ಟಕ್ ಸದ್ದು ಮಾಡುತ್ತಾ ಗಾಡಿ ವಾಪಸ್. ಬಿಚ್ಚಿದರೆ ಒಂದು ಲೋಬ್‌ನ ತುದಿಯೇ ಇಲ್ಲ, ಟ್ಯಾಪೆಟ್ ತಳ ಚಮಚದ ಹಾಗೆ ಗುಳಿ ಬಿದ್ದಿತ್ತು. ಆ ಕಬ್ಬಿಣದ ಪುಡಿ ಬೇರಿಂಗ್‌ಗಳನ್ನೂ ಗೀರಿತ್ತು. ಮಾಲೀಕರ ಮುಖ ಇವತ್ತಿಗೂ ನೆನಪಿದೆ.

ಹಾಗಾಗಿ ಸೆಲ್ಫ್ ಮುಟ್ಟುವ ಮೊದಲೇ ಎಲ್ಲ ಸಿದ್ಧ ಇರಬೇಕು. ಹೊಸ ಕ್ಯಾಮ್‌ಗೆ ಹೊಸ ಟ್ಯಾಪೆಟ್‌ಗಳೇ, ಹಳೆಯದನ್ನು ಸುಮ್ನೆ ಉಳಿಸಲು ಹೋಗಬೇಡಿ. ಲೋಬ್‌ಗೂ ಟ್ಯಾಪೆಟ್ ತಳಕ್ಕೂ ಕಪ್ಪು ಮಾಲಿಬ್ಡಿನಮ್ ಪೇಸ್ಟ್, ಟ್ಯಾಪೆಟ್ ಪಕ್ಕಗಳಿಗೆ ಬರೀ ಆಯಿಲ್. ಟೈಮಿಂಗ್ ಕೂರಿಸಿ, ರೇಡಿಯೇಟರ್ ತುಂಬಿಸಿ, ಕಾರ್ಬುರೇಟರ್‌ಗೆ ಪೆಟ್ರೋಲ್ ತುಂಬಿಸಿಡಿ. ಆಯಿಲ್ ಪಂಪನ್ನೂ ಒಣಗಲು ಬಿಡಬೇಡಿ. ಆಯಿಲ್ ಆರಿಸುವಾಗ ಹುಷಾರು. ಹೊಸ ಕಾರುಗಳ ತೆಳು ಪೆಟ್ರೋಲ್ ಆಯಿಲ್‌ಗಳಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲೆಂದು, ಸವೆತ ತಡೆಯುವ ಜಿಂಕ್-ಫಾಸ್ಫರಸ್ ಕಡಿಮೆ ಮಾಡಿದ್ದಾರೆ. ಈ ಹಳೆಯ ಇಂಜಿನ್‌ಗೆ ಬೇಕಾಗಿರುವುದು ಅದೇ ಅಲ್ವಾ?

ಸ್ಟಾರ್ಟ್ ಆದ ತಕ್ಷಣ ಆಯಿಲ್ ಪ್ರೆಶರ್ ನೋಡಿ, ನೇರ 2000 ಆರ್‌ಪಿಎಂಗೆ ಏರಿಸಿ. 20ರಿಂದ 30 ನಿಮಿಷ 2000 ಮತ್ತು 2500ರ ನಡುವೆ ಏರಿಳಿಸುತ್ತಾ ಇರಿ. ಒಂದೇ ಸ್ಪೀಡಲ್ಲಿ ನಿಲ್ಲಿಸಿದರೆ ಎರಚುವ ಆಯಿಲ್ ಒಂದೇ ಕಡೆ ಬೀಳುತ್ತದೆ. ಬಿಸಿ ಜಾಸ್ತಿ ಆಗದಂತೆ ರೇಡಿಯೇಟರ್ ಮುಂದೆ ದೊಡ್ಡ ಫ್ಯಾನ್ ಇಡುತ್ತೇನೆ. ರಾಕರ್ ಕವರ್ ತೆಗೆದು ನೋಡಿದರೆ ಪುಶ್ ರಾಡ್‌ಗಳು ತಿರುಗುತ್ತಿರುವುದು ಕಾಣುತ್ತದೆ. ಆ ನೋಟ ನನಗೆ ಈಗಲೂ ಸಮಾಧಾನ ಕೊಡುತ್ತದೆ. ನೀರೋ ಆಯಿಲೋ ಸೋರಿದರೆ ಸ್ಲೋಗೆ ಇಳಿಸಬೇಡಿ, ಆಫ್ ಮಾಡಿ. ಸರಿಮಾಡಿ, ಮತ್ತೆ ಸ್ಟಾರ್ಟ್ ಮಾಡಿ ಉಳಿದ ನಿಮಿಷ ಮುಗಿಸಿ.

ಆಮೇಲೆ ಆಯಿಲ್, ಫಿಲ್ಟರ್ ಎರಡೂ ಬದಲಿಸುತ್ತೇನೆ. ಇಳಿಸಿದ ಆಯಿಲ್‌ನಲ್ಲಿ ಅಯಸ್ಕಾಂತ ಆಡಿಸಿದಾಗ ಬೂದಿಯಂಥ ನಯವಾದ ಪುಡಿ ಸ್ವಲ್ಪ ಅಂಟಿದರೆ ಸರಿ, ಮಿಂಚುವ ಚೂರುಗಳು ಸಿಕ್ಕರೆ ಸರಿಯಲ್ಲ. ಇಂಜಿನ್ ತಣ್ಣಗಾದ ಮೇಲೆ ಟ್ಯಾಪೆಟ್ ಗ್ಯಾಪ್ (ರಾಕರ್‌ಗೂ ವಾಲ್ವ್ ತುದಿಗೂ ನಡುವಿನ ಸಂದು) ಮತ್ತೆ ಅಳೆಯುತ್ತೇನೆ. ಒಂದೇ ಒಂದು ವಾಲ್ವ್‌ನ ಗ್ಯಾಪ್ ಜಾಸ್ತಿ ಆಗಿದ್ದರೂ, ಲೋಬ್ ಸವೆದಿರಬಹುದು ಎಂದು, ಅವತ್ತು ಗಾಡಿ ಕೊಡುವುದಿಲ್ಲ. ಪುಶ್ ರಾಡ್ ಎಳೆದು, ಬ್ಲಾಕ್ ಪಕ್ಕದ ಕವರ್ ಬಿಚ್ಚಿ, ಆ ಟ್ಯಾಪೆಟ್ ತೆಗೆದು ತಳ ನೋಡುತ್ತೇನೆ.