ಗೋಡೆಗೂ ಹಲಗೆಗೂ ನಡುವೆ ಒಂದು ಬೆರಳು ಜಾಗ

ಕಳೆದ ಬೇಸಿಗೆಯಲ್ಲಿ ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ಹಳೇ ಮನೆಯ ಪಡುವಣ ಗೋಡೆಯ ಹಲಗೆಗಳನ್ನು ಬಿಚ್ಚಿಸಿದೆವು. ಹೊರಗಿನಿಂದ ನೋಡಿದರೆ ಹಲಗೆ ಗಟ್ಟಿಯಾಗೇ ಇತ್ತು. ಮೊಳೆ ಕಿತ್ತು ಮಗುಚಿದಾಗ ಹಿಂಬದಿಯ ತುಂಬ ಕರಿ ಬೂಸ್ಟು. ಬೆರಳಿಟ್ಟು ಒತ್ತಿದರೆ ನೆನೆದ ರೊಟ್ಟಿಯ ಹಾಗೆ ಒಳಗೆ ಹೋಗುತ್ತಿತ್ತು. ಮಳೆ ಬಡಿಯುವ ಮುಖ ಚೆನ್ನಾಗಿದೆ, ಮಳೆಯನ್ನೇ ಕಾಣದ ಮುಖ ಕೊಳೆತಿದೆ! ಇದು ನನ್ನನ್ನು ತುಂಬಾ ದಿನ ಕಾಡಿತು.

ಮೊದಲು ಮಳೆಯ ಮಾತು. ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಅರಬ್ಬಿ ಸಮುದ್ರದ ಕಡೆಯಿಂದ ಗಾಳಿಯ ಜೊತೆ ಬರುವ ಮಳೆ. ಎರಡು ಮಿಲಿಮೀಟರ್ ದಪ್ಪದ ಹನಿಯೊಂದು ಸೆಕೆಂಡಿಗೆ ಸುಮಾರು ಆರೂವರೆ ಮೀಟರ್ ವೇಗದಲ್ಲಿ ಇಳಿಯುತ್ತದೆ. ಗಾಳಿಯೂ ಅಷ್ಟೇ ವೇಗದಲ್ಲಿ, ಅಂದರೆ ಗಂಟೆಗೆ 23 ಕಿಲೋಮೀಟರ್ ಬೀಸಿದರೆ ಹನಿ 45 ಡಿಗ್ರಿ ಓರೆಯಾಗಿ ಬರುತ್ತದೆ. ಆಗ ಮೂರು ಅಡಿ ಚಾಚಿದ ಸೂರು ಗೋಡೆಯ ಮೇಲಿನ ಮೂರು ಅಡಿಯನ್ನು ಮಾತ್ರ ಕಾಪಾಡುತ್ತದೆ. ಕೆಳಗಿನದೆಲ್ಲ ನೆನೆಯಲೇಬೇಕು. ಸಣ್ಣ ಹನಿಗಳು ಇನ್ನೂ ನಿಧಾನವಾಗಿ ಇಳಿಯುತ್ತವೆ, ಅವು ಇನ್ನಷ್ಟು ಓರೆ. ಅದಕ್ಕೇ ಇಲ್ಲಿ ಮಳೆಯ ದಿಕ್ಕಿನ ಗೋಡೆಗೆ ಹಲಗೆಯನ್ನೋ ಜಿಂಕ್ ಶೀಟನ್ನೋ ಹೊದಿಸುವುದು.

ಆದರೆ ನಮ್ಮ ಹಲಗೆಗಳನ್ನು ಗೋಡೆಗೆ ಅಂಟಿಸಿದ ಹಾಗೆ ಹೊಡೆದಿದ್ದರು. ತಪ್ಪು ಇದ್ದದ್ದು ಅಲ್ಲೇ. ಒತ್ತಾಗಿ ಕೂತರೆ ನೀರು ಹೋಗುವುದಿಲ್ಲ ಅಂತ ನಮಗೆ ಅನಿಸುತ್ತದೆ, ಅಲ್ವಾ? ನಡೆಯುವುದು ಉಲ್ಟಾ. ಬತ್ತಿಯಲ್ಲಿ ಎಣ್ಣೆ ಏರುವುದನ್ನು ನೋಡಿದ್ದೀರಿ. ಕಿರಿದಾದ ಸಂದಿಯಲ್ಲಿ ನೀರು ತಾನಾಗಿ ಮೇಲೇರುತ್ತದೆ. ಸಂದಿ ಕಿರಿದಾದಷ್ಟೂ ಏರುವ ಎತ್ತರ ಜಾಸ್ತಿ. ಎರಡು ಹಾಳೆಗಳ ನಡುವೆ 0.1 ಮಿಲಿಮೀಟರ್ ಸಂದಿ ಇದ್ದರೆ ನೀರು ಹೆಚ್ಚೆಂದರೆ 15 ಸೆಂಟಿಮೀಟರ್ ಏರಬಲ್ಲದು. ಸಂದಿ 1 ಮಿಲಿಮೀಟರ್ ಆದರೆ ಒಂದೂವರೆ ಸೆಂಟಿಮೀಟರ್. 10 ಮಿಲಿಮೀಟರ್ ಆದರೆ ಒಂದೂವರೆ ಮಿಲಿಮೀಟರ್, ಅಂದರೆ ಏನೂ ಇಲ್ಲ. ಒತ್ತಾಗಿ ಹೊಡೆದ ಹಲಗೆ ನೀರನ್ನು ತಡೆಯುವುದಿಲ್ಲ, ಹೀರಿ ಇಟ್ಟುಕೊಳ್ಳುತ್ತದೆ.

ಇನ್ನೊಂದು ಕೈ ಗಾಳಿಯದು. ಸೆಕೆಂಡಿಗೆ 20 ಮೀಟರ್ ವೇಗದ ಗಾಳಿ ಗೋಡೆಗೆ ಅಪ್ಪಳಿಸಿದಾಗ ಅದರ ಒತ್ತಡಕ್ಕೆ ನೀರು ಸುಮಾರು 24 ಮಿಲಿಮೀಟರ್ ಮೇಲಕ್ಕೆ ತಳ್ಳಿಸಿಕೊಳ್ಳಬಲ್ಲದು. ಹಲಗೆ ಹಲಗೆಯ ಮೇಲೆ ಒಂದಿಂಚು ಹಾಸಿದ್ದರೂ ಸಾಲದೇ ಹೋಗುವುದು ಇದರಿಂದಲೇ. ಆದರೆ ಹಲಗೆಯ ಹಿಂದೆ ಗಾಳಿ ಓಡಾಡುವ ಜಾಗ ಇದ್ದರೆ ಹೊರಗಿನ ಒತ್ತಡ ಒಳಗೂ ಬಂದು ತುಂಬುತ್ತದೆ. ಎರಡೂ ಕಡೆ ಹೆಚ್ಚುಕಡಿಮೆ ಸಮ. ಆಗ ನೀರನ್ನು ಒಳಗೆ ತಳ್ಳುವವರೇ ಇಲ್ಲ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಜಿ. ಕೆ. ಗಾರ್ಡನ್ 1963ರಲ್ಲಿ ಇದನ್ನು ಸಾಮಾನ್ಯ ಕಟ್ಟಡದವರಿಗೂ ಅರ್ಥವಾಗುವ ಹಾಗೆ ಬರೆದರು. ಓದಿದಾಗ ನನಗೆ ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಕಟ್ಟುತ್ತಿದ್ದ ಸೋಗೆಯ ತಟ್ಟಿ ನೆನಪಾಯಿತು. ಗೋಡೆಯಿಂದ ದೂರ ನೇತಾಡುವ ತಟ್ಟಿ. ಮಳೆ ನಿಂತ ಮೇಲೆ ಬಿಚ್ಚಿಬಿಡುತ್ತಿದ್ದರು, ಗೋಡೆಗೆ ಬಿಸಿಲು ಬೀಳುತ್ತಿತ್ತು.

ಮರಕ್ಕೂ ಒಂದು ಗಡಿ ಇದೆ. ತನ್ನ ಒಣ ತೂಕದ ಶೇ. 20ಕ್ಕಿಂತ ಕಡಿಮೆ ತೇವ ಇರುವ ಮರವನ್ನು ಕೊಳೆಸುವ ಬೂಸ್ಟು ಹಿಡಿಯಲಾರದು. ಕಕ್ಕಡದ, ಅಂದರೆ ಜುಲೈ ನಡುವಿನಿಂದ ಶುರುವಾಗುವ ಕೊಡವ ತಿಂಗಳಿನ ಮಳೆಯಲ್ಲಿ ಗಾಳಿಯ ಆರ್ದ್ರತೆ ಶೇ. 90 ದಾಟುತ್ತದೆ. ಆ ಗಾಳಿಯಲ್ಲಿ ಸುಮ್ನೆ ಇಟ್ಟ ಮರದ ತೇವವೇ ಶೇ. 20ರ ಹತ್ತಿರ ಬಂದು ನಿಲ್ಲುತ್ತದೆ. ಅಂದರೆ ಕೊಡಗಿನಲ್ಲಿ ಮರ ಆಷಾಢದ ಹೊತ್ತಿಗೆ ಗಡಿಯ ಮೇಲೇ ನಿಂತಿರುತ್ತದೆ. ಹಿಂಬದಿಯಲ್ಲಿ ಸಿಕ್ಕಿಕೊಂಡ ಸ್ವಲ್ಪ ನೀರು ಸಾಕು, ಆಚೆ ದಾಟುತ್ತದೆ. ಹೊರಮುಖ ಬಿಸಿಲು ಕಂಡ ದಿನ ಗಂಟೆಯಲ್ಲಿ ಒಣಗುತ್ತದೆ. ಹಿಂಬದಿಗೆ ಆ ಭಾಗ್ಯ ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದರೂ ಇಲ್ಲ.

ಹಲಗೆ ತೆಗೆದಾಗ ಇನ್ನೊಂದು ವಿಷಯ ಕಂಡಿತು. ಒಳಗಿನ ಮಣ್ಣಿನ ಗೋಡೆಗೆ ಯಾವಾಗಲೋ ಸಿಮೆಂಟ್ ಗಾರೆ ಮಾಡಿಸಿದ್ದರು. ತಟ್ಟಿದರೆ ಟೊಳ್ಳು ಸದ್ದು. ಮಣ್ಣಿನ ಗೋಡೆ ನೆನೆದಾಗ ಸ್ವಲ್ಪ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟ್ ಅದರ ಜೊತೆ ಬಾಗುವುದಿಲ್ಲ, ಕೂದಲೆಳೆ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ನೀರು ಬೇಗ ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಸಿಗುವುದಿಲ್ಲ. ಸುಣ್ಣದ ಗಾರೆಯ ಗುಣ ಬೇರೆ. ಸುಮಾರು 900 ಡಿಗ್ರಿಯಲ್ಲಿ ಸುಟ್ಟ ಸುಣ್ಣದ ಕಲ್ಲು ನೀರು ಕುಡಿದು ಅರಳುತ್ತದೆ. ಆಮೇಲೆ ಗೋಡೆಯ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಅದರ ಸಣ್ಣ ರಂಧ್ರಗಳಿಂದ ಒಳಗಿನ ಆವಿ ಹೊರಗೆ ಹೋಗುತ್ತದೆ. ಹಳೇ ಮಣ್ಣಿನ ಗೋಡೆ ಇರುವವರು ದಯವಿಟ್ಟು ಸಿಮೆಂಟ್ ಬಳಿಸಬೇಡಿ. ಈ ಮಾತನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಸಿಮೆಂಟ್ ಕೆತ್ತಿ, ಸುಣ್ಣದ ಗಾರೆ ಮಾಡಿಸಿ, ಅದು ಒಣಗುವ ತನಕ ಕಾದೆವು. ಆಮೇಲೆ ಗೋಡೆಗೆ ನೆಟ್ಟಗೆ ರೀಪು ಹೊಡೆದು, ಅದರ ಮೇಲೆ ಹಲಗೆ ಅಡ್ಡಡ್ಡ. ನಡುವೆ ಒಂದು ಬೆರಳು ದಪ್ಪ, ಅಂದರೆ ಸುಮಾರು 20 ಮಿಲಿಮೀಟರ್ ಜಾಗ. ಕೆಳಗೂ ಮೇಲೂ ತೆರೆದಿದೆ. ಇಲಿ, ಜೇನು ಸೇರದ ಹಾಗೆ ಜಾಲರಿ ಹಾಕಿದ್ದೇವೆ. ನೆಲದಿಂದ ಚಿಮ್ಮುವ ಹನಿ ತಾಗದಿರಲಿ ಅಂತ ಹಲಗೆಯನ್ನು ಒಂದಡಿ ಮೇಲೇ ನಿಲ್ಲಿಸಿದೆವು. ಪೇಂಟ್ ಹಲಗೆಯ ಹಿಂಬದಿಗೂ ಬೇಕು, ಅದಕ್ಕಿಂತ ಮುಖ್ಯವಾಗಿ ಕೊಯ್ದ ತುದಿಗಳಿಗೆ ಬೇಕು. ಮರದ ನೀರಿನ ಕೊಳವೆಗಳೆಲ್ಲ ಅಲ್ಲಿ ಬಾಯಿ ತೆರೆದಿರುತ್ತವೆ. ತೋಟದಲ್ಲಿ ಸುಲಭವಾಗಿ ಸಿಗುತ್ತದೆ ಅಂತ ಸಿಲ್ವರ್ ಓಕ್ ಹಾಕುವ ಆಸೆ ಬರಬಹುದು. ಹೊರಗಿನ ಕೆಲಸಕ್ಕೆ ಅದು ಬಾಳುವ ಮರವಲ್ಲ. ಕಲರ್ ಶೀಟ್ ಹಾಕುವವರೂ ಇದೇ ಜಾಗ ಬಿಡಬೇಕು. ಹಳೇ ಹೊದಿಕೆ ಆಸ್ಬೆಸ್ಟಸ್ ಆಗಿದ್ದರೆ ಒಡೆಯಬೇಡಿ, ಉಜ್ಜಬೇಡಿ, ಕೊಯ್ಯಬೇಡಿ. ಅದರ ನಾರು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುತ್ತದೆ. ಆ ಕೆಲಸ ಗೊತ್ತಿದ್ದವರಿಂದಲೇ ನೆನೆಸಿ, ಇಡೀ ಶೀಟಾಗಿ ಇಳಿಸಿಸಿ.

ಈ ಮಳೆಗಾಲದಲ್ಲಿ ಜಾಲರಿಯ ಮೂಲಕ ಟಾರ್ಚ್ ಹಾಕಿ ನೋಡಿದೆ. ಹಲಗೆಯ ಹಿಂಬದಿಯಲ್ಲಿ ಅಲ್ಲಲ್ಲಿ ಹನಿ ಇಳಿದ ಗೆರೆಗಳು. ಸುಣ್ಣದ ಗೋಡೆ ಮಾತ್ರ ಬಿಳಿಯಾಗೇ ಇತ್ತು, ಕಿಟಕಿಯ ಮೇಲಿನ ಒಂದು ಮೂಲೆ ಬಿಟ್ಟು. ಒಳಗೆ ಇಳಿದ ನೀರನ್ನು ಹಿಡಿದು ಹೊರಗೆ ಚೆಲ್ಲಲು ಕಿಟಕಿಯ ನೆತ್ತಿಗೆ ಮಡಚಿದ ತಗಡು ಕೂರಿಸಬೇಕಿತ್ತು, ನಾವು ಕೂರಿಸಿರಲಿಲ್ಲ. ಡಿಸೆಂಬರಿನಲ್ಲಿ ಆ ಮೂರು ಹಲಗೆಗಳನ್ನು ಮತ್ತೆ ಬಿಚ್ಚಬೇಕು.