ಪ್ಯಾಚ್ ಬಂದ ಮೇಲೂ ನಡೆದ ದಾಳಿಗಳು

1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಎಂಐಟಿಯ ಕಂಪ್ಯೂಟರೊಂದರಿಂದ ಹರಿಯಬಿಟ್ಟ ಪುಟ್ಟ ಪ್ರೋಗ್ರಾಮು, ಅಂದಿನ ಇಂಟರ್ನೆಟ್ಟಿನಲ್ಲಿದ್ದ ಸುಮಾರು 60 ಸಾವಿರ ಯಂತ್ರಗಳ ಪೈಕಿ 6 ಸಾವಿರದಷ್ಟನ್ನು ಹೊಕ್ಕಿತೆಂದು ಅಂದಾಜಿಸಲಾಯಿತು. ಅದು ಒಳನುಗ್ಗಿದ ದಾರಿಗಳಲ್ಲಿ ಅಸಾಧಾರಣವಾದದ್ದು ಹೆಚ್ಚೇನೂ ಇರಲಿಲ್ಲ. ಇಮೇಲ್ ಸಾಗಿಸುವ ತಂತ್ರಾಂಶದಲ್ಲಿ ದೋಷಪರೀಕ್ಷೆಗೆಂದು ಇರಿಸಿ, ಮುಚ್ಚದೆ ಬಿಟ್ಟಿದ್ದ ಸೌಲಭ್ಯವೊಂದನ್ನು ಅದು ಬಳಸಿಕೊಂಡಿತು. ಪಾಸ್‌ವರ್ಡ್‌ಗಾಗಿ ಮೊದಲು ಬಳಕೆದಾರರ ಹೆಸರನ್ನೇ, ಆಮೇಲೆ ಅದೇ ಹೆಸರನ್ನು ಹಿಂದುಮುಂದಾಗಿಸಿ, ಅದೂ ಫಲಿಸದಿದ್ದರೆ ತನ್ನೊಳಗಿದ್ದ 432 ಪದಗಳ ಪಟ್ಟಿಯನ್ನು ಪ್ರಯೋಗಿಸಿ ನೋಡಿತು. ಇಂಥ ತುರ್ತಿನಲ್ಲಿ ಎಚ್ಚರಿಕೆ ರವಾನಿಸಲು ಒಂದು ಕೇಂದ್ರ ಬೇಕೆಂಬುದು ಮನವರಿಕೆಯಾಗಿ, ಅದೇ ತಿಂಗಳು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸರ್ಟ್ ಎಂಬ ಕಂಪ್ಯೂಟರ್ ತುರ್ತುಸ್ಪಂದನೆ ತಂಡ ರೂಪುಗೊಂಡಿತು.

ಎಚ್ಚರಿಕೆಯೇನೋ ತಲುಪತೊಡಗಿತು, ಆದರೆ ಅದರಂತೆ ನಡೆದುಕೊಳ್ಳುವುದು ಬೇರೆಯೇ ಕೆಲಸ. 2003ರ ಜನವರಿಯಲ್ಲಿ ಇದೇ ರೀತಿ ತಾನಾಗಿ ಹಬ್ಬಿದ ಸ್ಲ್ಯಾಮರ್ ಎಂಬ ಪ್ರೋಗ್ರಾಮು, ಮೈಕ್ರೋಸಾಫ್ಟ್ ಆರು ತಿಂಗಳ ಹಿಂದೆಯೇ ಪ್ಯಾಚ್ (ತಂತ್ರಾಂಶದ ದೋಷ ಮುಚ್ಚುವ ತೇಪೆ) ಕೊಟ್ಟಿದ್ದ ದೋಷವನ್ನು ಬಳಸಿಯೇ, ಈಡಾಗಬಲ್ಲ ಯಂತ್ರಗಳಲ್ಲಿ ಬಹುಪಾಲನ್ನು ಹತ್ತು ನಿಮಿಷಗಳಲ್ಲಿ ತಲುಪಿತ್ತು. ಅದೇ ವರ್ಷ ಆ ಕಂಪನಿ ಪ್ರತಿ ತಿಂಗಳ ಎರಡನೇ ಮಂಗಳವಾರ ಪ್ಯಾಚ್‌ಗಳನ್ನು ಒಟ್ಟಾಗಿ ಬಿಡುಗಡೆ ಮಾಡುವ ಪದ್ಧತಿ ಆರಂಭಿಸಿತು.

ತಡವಾಗುವುದಕ್ಕೆ ಸಿಬ್ಬಂದಿಯ ಸೋಮಾರಿತನವೇ ಕಾರಣವೆನ್ನುವುದು ಅನ್ಯಾಯ. ಪ್ಯಾಚ್ ಹಾಕಿದೊಡನೆ ಹಳೆಯ ಲೆಕ್ಕಪತ್ರದ ತಂತ್ರಾಂಶ ಕೈಕೊಡಬಹುದು. ಆಸ್ಪತ್ರೆಯ ಸ್ಕ್ಯಾನ್ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರನ್ನು ತಯಾರಕರ ಒಪ್ಪಿಗೆಯಿಲ್ಲದೆ ಮುಟ್ಟುವಂತಿರುವುದಿಲ್ಲ. ಇತ್ತ ದಾಳಿಕೋರರು ಪ್ಯಾಚನ್ನೇ ಬಿಡಿಸಿ ನೋಡಿ, ಮುಚ್ಚಲಾದ ದೋಷ ಯಾವುದೆಂದು ಪತ್ತೆಹಚ್ಚುತ್ತಾರೆ. ಹೀಗಾಗಿ ಪರಿಹಾರ ಪ್ರಕಟವಾದ ದಿನದಿಂದಲೇ ಅದನ್ನು ಅಳವಡಿಸದವರ ಅಪಾಯ ಹೆಚ್ಚುತ್ತದೆ.

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟಿನ ಪ್ಯಾಚ್ ಬಂದಿದ್ದರೂ ಮೇ 12ರಂದು, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಬ್ರಿಟನ್ನಿನ ಆಸ್ಪತ್ರೆಗಳನ್ನೂ ಬಿಡದೆ 150ಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ಜೂನ್ ಕೊನೆಯಲ್ಲಿ ಬಂದ, ಯಂತ್ರದಲ್ಲಿನ ಮಾಹಿತಿಯನ್ನೇ ಹಾಳುಗೆಡಹುವ ನಾಟ್‌ಪೆಟ್ಯಾ ಇನ್ನೂ ಕಠಿಣ ಪಾಠ ಕಲಿಸಿತು. ಉಕ್ರೇನಿನ ತೆರಿಗೆ ಲೆಕ್ಕದ ತಂತ್ರಾಂಶವೊಂದರ ಅಪ್‌ಡೇಟ್ ಮೂಲಕವೇ ಅದು ಒಳಬಂದಿತ್ತು. ಒಂದು ಯಂತ್ರದ ನೆನಪಿನಲ್ಲುಳಿದ ಪಾಸ್‌ವರ್ಡ್‌ಗಳನ್ನು ಕದ್ದು, ಪ್ಯಾಚ್ ಹಾಕಿದ ಪಕ್ಕದ ಯಂತ್ರಗಳಿಗೂ ನುಗ್ಗಿತು. ಹಡಗು ಸಾಗಣೆ ಕಂಪನಿ ಮೇರ್ಸ್ಕ್‌ನಲ್ಲಿ, ಯಾರು ಎಲ್ಲಿಗೆ ಪ್ರವೇಶಿಸಬಹುದೆಂಬ ದಾಖಲೆ ಕಾಯುವ ಸರ್ವರ್‌ಗಳು ಒಂದರ ಪ್ರತಿ ಇನ್ನೊಂದರಲ್ಲಿರುವಂತೆ ಇದ್ದರೂ ಒಟ್ಟಿಗೇ ಅಳಿಸಿಹೋದವು. ಉಳಿದದ್ದು ಘಾನಾದಲ್ಲಿದ್ದ ಒಂದೇ ಒಂದು, ಅದೂ ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿದ್ದರಿಂದ. ಜಾಲದಿಂದ ಬೇರ್ಪಟ್ಟ ಬ್ಯಾಕಪ್ ಇರಲೇಬೇಕೆಂದು ತಜ್ಞರು ಪಟ್ಟುಹಿಡಿಯುವುದು ಇದಕ್ಕಾಗಿಯೇ.

ವ್ಯಕ್ತಿಗಳ ಮಟ್ಟದಲ್ಲಿ ಮಾತ್ರ ಸಲಹೆಯೇ ದೀರ್ಘಕಾಲ ದಾರಿತಪ್ಪಿತ್ತು. ಆಗಾಗ ಪಾಸ್‌ವರ್ಡ್ ಬದಲಿಸಬೇಕೆಂಬ ನಿಯಮದಿಂದ ಜನ ಹಳೆಯದರ ಕೊನೆಗೆ ಒಂದಂಕಿ ಸೇರಿಸಿ ಸುಮ್ಮನಾಗುತ್ತಿದ್ದರು. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲಿ ಆ ಸಲಹೆ ಕೈಬಿಟ್ಟು, ಉದ್ದನೆಯ ಪಾಸ್‌ವರ್ಡ್‌ಗೆ ಒತ್ತುಕೊಟ್ಟಿತು. ಒಟಿಪಿಯನ್ನೂ ನಕಲಿ ಜಾಲತಾಣದಲ್ಲಿ ಬರೆಸಿಕೊಳ್ಳಬಹುದೆಂದು ವಂಚಕರು ತೋರಿಸಿಕೊಟ್ಟ ಮೇಲೆ, ಪಾಸ್‌ವರ್ಡ್ ಬದಲಿಗೆ ಫೋನ್ ಇಲ್ಲವೇ ಕಂಪ್ಯೂಟರಿನಲ್ಲಿರುವ, ಜಾಲತಾಣದ ಅಸಲಿ ವಿಳಾಸಕ್ಕೆ ಮಾತ್ರ ಉತ್ತರಿಸುವ ಪಾಸ್‌ಕೀ ಎಂಬ ಗುಪ್ತ ಕೀಲಿ ಬಂದಿದೆ. ಆದರೂ ಫೋನ್ ಕಳೆದುಕೊಂಡವರಿಗೆ ಖಾತೆ ಮರಳಿಸಲು ಎಸ್‌ಎಂಎಸ್ ಸಂಕೇತವೊಂದೇ ಸಾಕೆನ್ನುವ ಸೇವೆಗಳಲ್ಲಿ, ಪಾಸ್‌ಕೀ ಇದ್ದರೂ ವಂಚಕರು ಅದರ ತಂಟೆಗೆ ಹೋಗದೆ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂಬ ಗುಂಡಿಯನ್ನೇ ಒತ್ತುತ್ತಾರೆ.